ಟೀಚರ್ ಮಗಳ ಬಾಟಲಿ

ಹೇರೋಹಳ್ಳಿ, ಬೆಂಗಳೂರು
3 ಫೆಬ್ರುವರಿ 2026

ಅವ್ವ,

ನಿನಗೆ ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ತಮ್ಮ ಅರುಣ ಸ್ಲೇಟಿನ ಮೇಲೆ ಬರೆದು ತೋರಿಸಿದನಂತೆ. ಸಂಜೆಯವರೆಗೂ ಅದನ್ನು ಒರೆಸಲು ನೀನು ಬಿಡಲಿಲ್ಲವಂತೆ. ಅವನು ಫೋನಿನಲ್ಲಿ ಇದನ್ನು ಹೇಳುವಾಗ ನಾನು ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದೆ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆ.

ಬುಧವಾರ ಬೆಳಗ್ಗೆ ಹೆರಿಗೆಯಾಯಿತು. ಮಗುವಿನ ತೂಕ ಎರಡೂಮುಕ್ಕಾಲು ಕೆಜಿ. ಕೂದಲು ತುಂಬ ಇದೆ. ಹಣೆ ನಿನ್ನದು ಎಂದು ನನಗೆ ಅನ್ನಿಸುತ್ತದೆ, ನಮ್ಮ ಅತ್ತೆ ಹಾಲವ್ವನವರು ತಮ್ಮದು ಎನ್ನುತ್ತಾರೆ. ನೀನು ಕಾಲು ಮುರಿದುಕೊಳ್ಳದಿದ್ದರೆ ನಾನು ಈಗ ತಾಳಿಕೋಟೆಯಲ್ಲಿ ನಿನ್ನ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿರುತ್ತಿದ್ದೆ. ಇರಲಿ, ಅತ್ತೆ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ಒಂದು ವಿಷಯ ಕೇಳಬೇಕಿತ್ತು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಮೆಸೇಜ್ ಹಾಕಿದರೆ ಅರುಣ ಮೊದಲು ಓದುತ್ತಾನೆ, ಅವನ ಹತ್ತಿರ ಹೇಳುವ ಮಾತಲ್ಲ. ಅದಕ್ಕೇ ಹಳೆಯ ಪದ್ಧತಿಯಂತೆ ಪತ್ರ. ಮಗು ಎದೆ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕುಡಿಯುವಷ್ಟು ಹೊತ್ತೂ ಚಪ್ ಚಪ್ ಎಂದು ಸದ್ದು. ಎಷ್ಟು ಹೊತ್ತು ಕೂತರೂ ಹೊಟ್ಟೆ ತುಂಬಿದ ಹಾಗೆ ಕಾಣುವುದಿಲ್ಲ. ದಣಿದು ನಿದ್ದೆ ಹೋಗುತ್ತದೆ, ಕೆಳಗೆ ಮಲಗಿಸಿದ ಕೂಡಲೇ ಅಳು. “ಮೊದಲ ಕೂಸು, ನೀನೂ ಹೊಸಬಾಕಿ, ಅದೂ ಹೊಸದು. ಕಲೀತೈತಿ ಬಿಡು” ಎನ್ನುತ್ತಾರೆ ಅತ್ತೆ. ಕೆಳಗಿನ ಮನೆಯ ಓನರ್ ಇಂದ್ರಮ್ಮನವರು ಬಂದು ನೋಡಿ, “ಒಂದ್ ಬಾಟ್ಲಿ ಹಾಲು ಕೊಟ್ಟು ನೀನೂ ಸ್ವಲ್ಪ ಮಲ್ಕೊಳೇ” ಎಂದರು. ನಾನು ಅಂಗನವಾಡಿ ಟೀಚರ್ ಮಗಳು, ನಮ್ಮ ಮನೆಯಲ್ಲಿ ಬಾಟಲಿಯ ಹೆಸರೆತ್ತುವ ಹಾಗಿಲ್ಲ ಎಂದೆ.

ನಿನಗೆ ಏನನ್ನಿಸುತ್ತದೆ, ಬರೆ. ಕಾಲಿನ ಬಗ್ಗೆಯೂ ಬರೆ.

ಭುವನಾ


ತಾಳಿಕೋಟೆ
8 ಫೆಬ್ರುವರಿ 2026

ಮಗಳು ಭುವನೇಶ್ವರಿಗೆ ಅವ್ವನ ಆಶೀರ್ವಾದ.

ಪತ್ರ ತಲುಪಿತು. ಇಂದ್ರಮ್ಮನವರಿಗೆ ಕೊಟ್ಟ ಉತ್ತರ ಸರಿಯಾಗಿದೆ.

ನೀನು ಮಗುವನ್ನು ಹಿಡಿಯುವ ರೀತಿಯಲ್ಲಿ ತಪ್ಪಿರಬೇಕು. ಬರೀ ತೊಟ್ಟು ಬಾಯಿಗೆ ಕೊಟ್ಟರೆ ಸಾಲದು, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು. ಮಗುವಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಿರಬೇಕು. ನೀನು ಮಗುವಿನ ಕಡೆ ಬಗ್ಗಬೇಡ, ಮಗುವನ್ನು ನಿನ್ನ ಕಡೆ ತೆಗೆದುಕೋ. ಬೆನ್ನಿಗೆ ದಿಂಬು ಇಟ್ಟುಕೋ. ಚಪ್ ಚಪ್ ಸದ್ದು ಬಂದರೆ ಗಾಳಿ ಹೋಗುತ್ತಿದೆ ಎಂದು ಅರ್ಥ, ಬಿಡಿಸಿ ಮತ್ತೆ ಹಿಡಿಸು.

ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಹಾಲು ಸಾಲದು ಎಂದು ಅಳುತ್ತಾ ಬಂದವರಲ್ಲಿ ಹೆಚ್ಚಿನವರಿಗೆ ಹಾಲು ಕಡಿಮೆ ಇರಲಿಲ್ಲ, ಧೈರ್ಯ ಕಡಿಮೆ ಇತ್ತು. ಹೊಟ್ಟೆ ತುಂಬ ಊಟ ಮಾಡು. ಸಬ್ಬಸಿಗೆ ಸೊಪ್ಪು ಅಲ್ಲಿ ಸಿಗುತ್ತದಲ್ಲ, ದಿನವೂ ತಿನ್ನು.

ನನ್ನ ಕಾಲು ಸುಧಾರಿಸುತ್ತಿದೆ. ಕೋಲು ಹಿಡಿದು ಅಂಗಳದವರೆಗೆ ಹೋಗಿ ಬರುತ್ತೇನೆ. ಯುಗಾದಿ ಮುಗಿದ ಮೇಲೆ ಅರುಣನ ಜೊತೆ ಬಸ್ಸು ಹತ್ತುತ್ತೇನೆ. ಅಳಿಯಂದಿರಿಗೆ ತಿಳಿಸು.

ಶಂಕ್ರವ್ವ


ಹೇರೋಹಳ್ಳಿ
12 ಫೆಬ್ರುವರಿ 2026

ಅವ್ವ,

ನೀನು ಹೇಳಿದ ಹಾಗೆ ದಿಂಬು ಇಟ್ಟುಕೊಂಡೆ, ಹೊಟ್ಟೆಗೆ ಹೊಟ್ಟೆ ತಾಗಿಸಿದೆ. ಆದರೆ ನಿನ್ನ ಪತ್ರ ಬರುವ ಹೊತ್ತಿಗೆ ನಾವು ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆವು. ತೂಕ ಹುಟ್ಟಿದಾಗಿನದಕ್ಕಿಂತ ಬಹಳ ಇಳಿದಿದೆ. ಬಾಟಲಿಯಲ್ಲಿ ಕೊಡಿ ಎಂದರು. ನಿನ್ನನ್ನು ಕೇಳದೆ ತರಬಾರದಿತ್ತೇನೋ, ಆದರೆ ತಂದೆವು. ಸೋಮವಾರದಿಂದ ಕೊಡುತ್ತಿದ್ದೇನೆ. ಮಗು ನಿದ್ದೆ ಮಾಡುತ್ತದೆ.

ನನ್ನ ಹಾಲು ಅವಳಿಗೆ ಸಾಲುತ್ತಿಲ್ಲ ಎಂದು ಕಾಣುತ್ತದೆ. ಹೆಚ್ಚಿಗೆ ಬರೆಯುವುದಕ್ಕೆ ಏನೂ ಇಲ್ಲ.

ಇವರು ಗಾಡಿಯಲ್ಲಿ ನಾಯಂಡಹಳ್ಳಿ ಗೋಡೌನಿನ ಲೋಡ್ ತೆಗೆದುಕೊಂಡು ದಿನವೂ ಹೋಗುತ್ತಿದ್ದಾರೆ. ನಾನು ಹೊಲಿಯುತ್ತಿದ್ದ ವಿಜಯನಗರದ ಬ್ಲೌಸ್ ಅಂಗಡಿಯಿಂದ ಶಶಿಕಲಾ ಮೇಡಂ ಫೋನ್ ಮಾಡಿದ್ದರು. ಮದುವೆಗಳು ಶುರುವಾಗಿವೆ, ಯಾವಾಗ ಬರುತ್ತೀ ಎಂದು ಕೇಳಿದರು. ನೋಡೋಣ ಎಂದಿದ್ದೇನೆ.

ನೀನು ಏನು ಹೇಳುತ್ತೀಯೋ ಹಾಗೆ.

ಭುವನಾ


ತಾಳಿಕೋಟೆ
17 ಫೆಬ್ರುವರಿ 2026

ಭುವನೇಶ್ವರಿ,

ಒಂದೇ ಪತ್ರದಲ್ಲಿ ಮೇಲೆ ಬಾಟಲಿ ಬರೆದಿದ್ದೀ, ಕೆಳಗೆ ಅಂಗಡಿ ಬರೆದಿದ್ದೀ. ನಾನು ಕಿವುಡಿ, ಕುರುಡಿ ಅಲ್ಲ.

ಕೆಲಸಕ್ಕೆ ಹೋಗಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ನಿನ್ನನ್ನು ಜೋಳಿಗೆಯಲ್ಲಿ ಹಾಕಿ ಅಂಗನವಾಡಿಯ ಕಿಟಕಿಗೆ ಕಟ್ಟಿ ನಾನೂ ದುಡಿದಿದ್ದೇನೆ. ಆದರೆ ಹುಟ್ಟಿ ತಿಂಗಳು ತುಂಬದ ಕೂಸಿಗೆ ಬಾಟಲಿ ಹಿಡಿಸಿ ಅಂಗಡಿಯ ಲೆಕ್ಕ ಹಾಕುವುದು ನನ್ನ ಮಗಳಿಗೆ ಶೋಭಿಸುವುದಿಲ್ಲ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಸ್ತನ್ಯಪಾನದ ಸಪ್ತಾಹ ಬಂದರೆ ನಾನೇ ಮೈಕಿನ ಮುಂದೆ ನಿಂತು ಮಾತಾಡುತ್ತಿದ್ದೆ. ಬಾಟಲಿಯ ಮೇಲೆ ಕೆಂಪು ಗೀಟು ಎಳೆದ ಚಿತ್ರವನ್ನು ನೀನೇ ಗೋಡೆಗೆ ಅಂಟಿಸುತ್ತಿದ್ದೆ. ಡಾಕ್ಟರು ಸುಲಭದ ದಾರಿ ಹೇಳುತ್ತಾರೆ. ಅವರು ಮಗುವನ್ನು ಐದು ನಿಮಿಷ ನೋಡುತ್ತಾರೆ.

ಬಾಟಲಿಯಲ್ಲಿ ಹಾಲು ತಾನೇ ಸುರಿಯುತ್ತದೆ, ಅದರ ರುಚಿ ಕಂಡ ಮಗು ಎದೆಗೆ ಸೋಮಾರಿಯಾಗುತ್ತದೆ. ಎರಡು ದಿನ ಬಾಟಲಿ ಮುಚ್ಚಿಡು. ಅತ್ತರೆ ಅಳಲಿ. ಹಸಿದ ಮಗು ತಾನೇ ಎಳೆಯುತ್ತದೆ. ಮಗು ಎಳೆದಷ್ಟೂ ಹಾಲು ಬರುತ್ತದೆ. ಆಮೇಲೆ ನನಗೆ ಬರೆ.

ಬಸ್ಸಿನಲ್ಲಿ ಅಂಟಿನುಂಡೆ ಕಳಿಸಿದ್ದೇನೆ. ಅಳಿಯಂದಿರು ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳಲಿ.

ಅವ್ವ


ತಾಳಿಕೋಟೆ
6 ಮಾರ್ಚ್ 2026

ಭುವನಾ,

ಹದಿನೈದು ದಿನ ಮೇಲಾಯಿತು, ನಿನ್ನಿಂದ ಪತ್ರವಿಲ್ಲ. ಅಂಟಿನುಂಡೆ ತಲುಪಿತೋ ಇಲ್ಲವೋ ಅದೂ ಗೊತ್ತಿಲ್ಲ. ಅರುಣನ ಕೈಲಿ ಫೋನ್ ಮಾಡಿಸಿದೆ. “ಎಲ್ಲಾ ಆರಾಮ ಅದಾರಂತ ಬೇ” ಎಂದು ಸ್ಲೇಟಿನ ಮೇಲೆ ಬರೆದ. ಬರೆಯುವಾಗ ನನ್ನ ಮುಖ ನೋಡಲಿಲ್ಲ.

ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದೇ ಬರೆ. ನಾನು ಸ್ವಲ್ಪ ಜೋರಾಗಿ ಬರೆದೆನೇನೋ. ಕಿವಿ ಹೋದ ಮೇಲೆ ನನ್ನ ದನಿ ಎಷ್ಟು ಜೋರು ಎಂದು ನನಗೇ ತಿಳಿಯುವುದಿಲ್ಲ, ಕಾಗದದ ಮೇಲೂ ಹಾಗೆಯೇ ಆಗುತ್ತದೆ ಎಂದು ಕಾಣುತ್ತದೆ. ಮಗು ಎದೆ ಹಿಡಿಯಿತೇ? ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ಹಾಕು.

ಅವ್ವ


ಹೇರೋಹಳ್ಳಿ
11 ಮಾರ್ಚ್ 2026

ಅವ್ವ,

ಮಗು ಆರಾಮಾಗಿದೆ. ಮೊದಲು ಇದನ್ನು ಓದಿಕೊಂಡು ಮುಂದಿನದನ್ನು ಓದು.

ನಿನಗೆ ನಾನು ಪೂರ್ತಿ ಬರೆದಿರಲಿಲ್ಲ. ಆ ಸೋಮವಾರ ಡಾಕ್ಟರು ಮಗುವಿನ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿದರು. ನಮ್ಮನ್ನೂ ಕರೆದು ತೋರಿಸಿದರು. ಮೇಲಿನ ಅಂಗುಳ ಹಿಂದಿನ ಕಡೆ ಸೀಳಿದೆ. ತುಟಿ ನೆಟ್ಟಗಿದೆ, ಹೊರಗಿನಿಂದ ಏನೂ ಕಾಣುವುದಿಲ್ಲ, ಅದಕ್ಕೇ ಹುಟ್ಟಿದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ನೋಡಮ್ಮ, ಮಧ್ಯ ತೂತಿರೋ ಸ್ಟ್ರಾನಲ್ಲಿ ಜ್ಯೂಸ್ ಎಳೆಯೋಕಾಗುತ್ತಾ? ಬರೀ ಗಾಳಿ ಬರುತ್ತೆ. ಪಾಪ, ಇದಕ್ಕೂ ಅಷ್ಟೇ. ನಿಮ್ಮ ಹಾಲಿಗೇನೂ ಕಮ್ಮಿ ಇಲ್ಲ” ಎಂದರು. ನನ್ನ ಹಾಲನ್ನೇ ಪಂಪಿನಲ್ಲಿ ತೆಗೆದು, ಒತ್ತಿದರೆ ಬಾಯಿಗೆ ಬರುವ ಮೆತ್ತನೆಯ ಬಾಟಲಿಯಲ್ಲಿ ಕೊಡಬೇಕು. ವರ್ಷ ತುಂಬುವುದರೊಳಗೆ ಆಪರೇಷನ್ ಮಾಡಿ ಮುಚ್ಚುತ್ತಾರೆ.

ಹಾಲು ಸಾಲುತ್ತಿಲ್ಲ ಎಂದು ನಾನು ನಿನಗೆ ಬರೆದದ್ದು ಸುಳ್ಳು.

ಯಾಕೆ ಎಂದರೆ, ಮನೆಗೆ ಬಂದು ಹೇಳಿದ ಕೂಡಲೇ ಅತ್ತೆ ಹಣೆ ಹಿಡಿದುಕೊಂಡು ಕೂತರು. “ಗ್ರಹಣದ ದಿನ ಕತ್ತರಿ ಹಿಡೀಬ್ಯಾಡ ಅಂದ್ನಿ. ಕೇಳಿದಿ? ಬ್ಲೌಸ್ ಕತ್ತರಿಸಿದಿ, ಕೂಸಿನ ಬಾಯಿ ಹರೀತು.” ಅಂಗುಳ ಕೂಡಿಕೊಳ್ಳುವುದು ಮೂರು ತಿಂಗಳೊಳಗೆ ಎಂದು ಡಾಕ್ಟರು ಹೇಳಿದ್ದಾರೆ, ಗ್ರಹಣ ಬಂದಾಗ ನನಗೆ ನಾಲ್ಕು ಮುಗಿದಿತ್ತು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ನಿನಗೆ ದುಂಡೇಶ ನೆನಪಿರಬೇಕು, ನಿನ್ನ ಅಂಗನವಾಡಿಗೆ ಬರುತ್ತಿದ್ದ ಸೀಳುತುಟಿಯ ಹುಡುಗ. ನೀನೊಬ್ಬಳೇ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು. ಓಣಿಯವರೆಲ್ಲ ಬೇರೆಯೇ ಕರೆಯುತ್ತಿದ್ದರು, ಕೊನೆಗೆ ಅವನ ತಾಯಿಯೂ. ಬರೆದರೆ ಪತ್ರ ಅರುಣನ ಕೈಗೆ, ಅವನ ಹೆಂಡತಿ ಲತಾಳ ಕೈಗೆ ಸಿಗುತ್ತದೆ, ಅಲ್ಲಿಂದ ಓಣಿಗೆ ಹೋಗುತ್ತದೆ. ಇನ್ನೂ ಹೆಸರಿಡದ ಮಗುವಿಗೆ ಊರು ಹೆಸರಿಡುವುದು ನನಗೆ ಬೇಡವಾಗಿತ್ತು.

ನಿನ್ನ ಪತ್ರ ಬಂದ ದಿನ ಬಾಟಲಿಯನ್ನು ತೊಳೆದು, ಒರೆಸಿ, ಅಡುಗೆಮನೆಯ ಸಜ್ಜಾದ ಮೇಲಿಟ್ಟೆ. ಡಾಕ್ಟರು ಹೇಳಿದ್ದೂ ಗೊತ್ತಿತ್ತು, ನೀನು ಹೇಳಿದ್ದೂ ಗೊತ್ತಿತ್ತು. ನಿನ್ನ ಮಾತು ಕೇಳಿ ಗೆದ್ದವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಮಗು ಎಳೆದುಬಿಟ್ಟರೆ, ಆ ಸೀಳು ಅಷ್ಟೇನೂ ದೊಡ್ಡದಲ್ಲ ಎಂದಾಗುತ್ತದೆ, ಅತ್ತೆಯ ಬಾಯಿಯೂ ಮುಚ್ಚುತ್ತದೆ ಎಂದು ಆಸೆಪಟ್ಟೆ. ಅತ್ತೆಗೂ ಅದೇ ಬೇಕಿತ್ತು. ಇವರು ಲೋಡ್ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದರು.

ಮೊದಲ ದಿನ ಮಗು ಅತ್ತಿತು. ಮರುದಿನ ಅಳು ಕಡಿಮೆಯಾಯಿತು, ಎದೆಯಲ್ಲಿ ಬಾಯಿಟ್ಟು ಸುಮ್ಮನೆ ಮಲಗಿತು. ಕಲಿತಳು ಎಂದು ಅತ್ತೆಗೆ ಹೇಳಿದೆ. ಸಂತೋಷದಿಂದಲೇ ಹೇಳಿದೆ, ಅವ್ವ. ಅದು ಕಲಿತದ್ದಲ್ಲ. ಅಳುವುದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಇಂದ್ರಮ್ಮನವರು ಮೇಲೆ ಬಟ್ಟೆ ಒಣಹಾಕಲು ಬಂದವರು ಬಾಗಿಲಲ್ಲಿ ಇಣುಕಿದರು. ಮಗುವಿನ ಕೆನ್ನೆ ಮುಟ್ಟಿ, ಬಾಯೊಳಗೆ ಬೆರಳಿಟ್ಟು ನೋಡಿದರು. “ಯಾವಾಗ ಉಚ್ಚೆ ಮಾಡಿದ್ದು ಇದು?” ಎಂದರು. ಬೆಳಗ್ಗೆಯಿಂದ ಬಟ್ಟೆ ಒದ್ದೆಯಾಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. “ಬಾಯೆಲ್ಲ ಒಣಗೋಗಿದೆಯಲ್ಲೇ! ಸೀರೆ ಗೀರೆ ಆಮೇಲೆ, ಹಂಗೇ ನಡಿಯೇ” ಎಂದು ಮಗುವನ್ನು ಎತ್ತಿಕೊಂಡು ಅವರೇ ಮೆಟ್ಟಿಲು ಇಳಿದರು. ನಮ್ಮ ರಸ್ತೆಯನ್ನು ಪೈಪಿಗೆಂದು ಅಗೆದು ಹಾಗೇ ಬಿಟ್ಟಿದ್ದಾರೆ, ಆಟೋ ಒಳಗೆ ಬರುವುದಿಲ್ಲ. ಮೇನ್ ರೋಡಿನವರೆಗೆ ಮಗುವನ್ನು ಎದೆಗೆ ಅವಚಿಕೊಂಡು ಅವರು ಮುಂದೆ ಓಡಿದರು. ಹಸಿಮೈಯ ನಾನು ಹಿಂದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಮಕ್ಕಳ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಡ್ರಿಪ್ ಹಾಕಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಎಷ್ಟು ತಡ ಎಂದು ನಾನು ಕೇಳಲಿಲ್ಲ. ಬಾಟಲಿ ಯಾಕೆ ನಿಲ್ಲಿಸಿದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದಾಗ ನಿನ್ನ ಹೆಸರು ಹೇಳಲಿಲ್ಲ, ನಾನೇ ನಿಲ್ಲಿಸಿದೆ ಎಂದೆ.

ಇವರು ಹುಬ್ಬಳ್ಳಿಯಿಂದ ನೇರ ಆಸ್ಪತ್ರೆಗೆ ಬಂದರು. ನನ್ನ ಮೇಲೆ ರೇಗಲಿಲ್ಲ. ನಿನ್ನ ಪತ್ರ ಓದಿ ಮಡಚಿ ಕೊಟ್ಟು, “ನೀ ನಿಮ್ಮವ್ವಗ ಖರೇ ಹೇಳಿದ್ದಿ ಅಂದ್ರ ಅವರು ಹಿಂಗ ಬರೀತಿದ್ರೇನ?” ಎಂದರು.

ಒಂದು ವಾರ ಅಲ್ಲಿದ್ದೆವು. ನರ್ಸೊಬ್ಬರು ಅತ್ತೆಯನ್ನು ಕರೆದು ಟಾರ್ಚ್ ಹಿಡಿದು ಮಗುವಿನ ಬಾಯಿ ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದರು. ಗ್ರಹಣದ ಮಾತೆತ್ತಲಿಲ್ಲ. ಸಂಜೆ ನಾನು ಬಾಟಲಿ ತೆಗೆದಾಗ, “ನಾ ಕುಡಸ್ಲೇನ?” ಎಂದು ಕೇಳಿದರು.

ಈಗ ಮನೆಯಲ್ಲಿದ್ದೇವೆ. ತೂಕ ಏರುತ್ತಿದೆ. ಅಂಟಿನುಂಡೆ ತಲುಪಿತು, ಎಲ್ಲರೂ ತಿಂದೆವು.

ನಿನ್ನ ಮೇಲೆ ಸಿಟ್ಟಿಲ್ಲ. ಬರೆಯಲು ತಡವಾದದ್ದು ಸಿಟ್ಟಿನಿಂದ ಅಲ್ಲ.

ಭುವನಾ


ತಾಳಿಕೋಟೆ
17 ಮಾರ್ಚ್ 2026

ಭುವನಾ,

ಪತ್ರ ಓದಿದೆ. ಏನು ಬರೆದಿದ್ದಾಳೆ ಎಂದು ಲತಾ ಸನ್ನೆ ಮಾಡಿ ಕೇಳಿದಳು. ಮಗು ಆರಾಮ ಎಂದೆ. ಆಮೇಲೆ ನಾನೇ ಅವಳಿಗೆ ಪತ್ರ ಓದಲು ಕೊಟ್ಟೆ. ನೀನು ಹೆದರಿದ ಹಾಗೆ ಅವಳು ಓಣಿಗೆ ಹೇಳುವವಳಲ್ಲ. ಓದಿ ಮುಗಿಸಿ ನನ್ನ ಪಕ್ಕ ಕೂತು ಅತ್ತಳು.

ನೀನು ಮುಚ್ಚಿಟ್ಟೆ ಎಂದು ಬೈಯುವ ಹಕ್ಕು ನನಗಿಲ್ಲ. ನಾನು ಅಂಗಳದವರೆಗೆ ನಡೆಯುತ್ತಿಲ್ಲ. ಜನವರಿಯಲ್ಲಿಯೇ ಕಾಲಿನೊಳಗೆ ಕೀವಾಗಿ ಬಾಗಲಕೋಟೆಯಲ್ಲಿ ಮತ್ತೆ ಕೊಯ್ದರು. ಅವತ್ತಿನಿಂದ ಮಂಚದ ಮೇಲಿದ್ದೇನೆ. ಸ್ನಾನ, ಬಟ್ಟೆ, ಎಲ್ಲ ಲತಾಳೇ ನೋಡಿಕೊಳ್ಳುತ್ತಾಳೆ. ಗೊತ್ತಾದರೆ ತುಂಬಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬರುತ್ತೀ ಎಂದು ಅರುಣನಿಗೆ ಆಣೆ ಹಾಕಿಸಿ ಬಾಯಿ ಮುಚ್ಚಿಸಿದ್ದೆ. ಆಸ್ಪತ್ರೆಯ ವಿಷಯ ಅವನಿಗೆ ಅಳಿಯಂದಿರು ಫೋನಿನಲ್ಲಿ ಹೇಳಿದ್ದರಂತೆ. ನನಗೆ ಹೇಳಬೇಡ ಎಂದು ಅವರೂ ಅವನ ಬಾಯಿ ಮುಚ್ಚಿಸಿದ್ದರು. ಪಾಪ, ಅವನು ಎರಡು ಕಡೆಯೂ ಸುಳ್ಳು ಹೇಳಿ ಸುಸ್ತಾಗಿದ್ದಾನೆ.

ಮಗುವಿನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಎಲ್ಲ ಬಾಣಂತಿಯರಿಗೂ ಒಂದೇ ಉತ್ತರವಿತ್ತು. ಬಹಳ ಮಂದಿಗೆ ಅದು ಸರಿಯಾಗಿತ್ತು, ಈಗಲೂ ಸರಿಯೇ. ಆದರೆ ಅವರ ಮನೆಗೆ ಹೋಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬಾಯಿ ನೋಡಿ ಹೇಳುತ್ತಿದ್ದೆ. ನಿನಗೆ ಮಂಚದ ಮೇಲೆ ಮಲಗಿಕೊಂಡು ಬರೆದೆ. ಅತ್ತರೆ ಅಳಲಿ ಎಂದು ಬರೆದೆ. ಹಾಗೆ ಯಾವ ತಾಯಿಗೂ ಹೇಳಿರಲಿಲ್ಲ. ಹೊರಗಿನವರಿಗೆ ಹೇಳುವಾಗ ಎಚ್ಚರ ಇರುತ್ತದೆ, ಮಗಳಿಗೆ ಹೇಳುವಾಗ ಇರಲಿಲ್ಲ.

ಇಂದ್ರಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಬರೀ ಮಾತಿನಲ್ಲಿ ತಿಳಿಸಬೇಡ, ಕಾಲು ಮುಟ್ಟಿ ತಿಳಿಸು.

ನನಗೆ ಬಾಟಲಿ ಹಿಡಿಯಲು ಬರುವುದಿಲ್ಲ. ಯಾವತ್ತೂ ಹಿಡಿದಿಲ್ಲ. ಈ ಒತ್ತುವ ಬಾಟಲಿಯನ್ನು ಹೇಗೆ ಹಿಡಿಯುತ್ತಾರೆ, ಹೇಗೆ ತೊಳೆಯುತ್ತಾರೆ, ಎಲ್ಲ ಬಿಡಿಸಿ ಬರೆ.

ಅವ್ವ


ಹೇರೋಹಳ್ಳಿ
24 ಮಾರ್ಚ್ 2026

ಅವ್ವ,

ನಿನ್ನ ಕಾಲಿನ ವಿಷಯ ಓದಿದ ದಿನವೇ ಇವರು ಟಿಕೆಟ್ ಮಾಡಿಸಿದರು. ಡಾಕ್ಟರನ್ನು ಕೇಳಿದೆವು, ಮಗು ಪ್ರಯಾಣ ಮಾಡಬಹುದಂತೆ. ಏಪ್ರಿಲ್ ಮೊದಲ ವಾರ ಬರುತ್ತೇವೆ.

ಬಾಟಲಿ ಹೀಗೆ. ಮಗುವನ್ನು ಮಲಗಿಸಬಾರದು, ತೊಡೆಯ ಮೇಲೆ ನೆಟ್ಟಗೆ ಕೂರಿಸಿದ ಹಾಗೆ ಹಿಡಿಯಬೇಕು, ಇಲ್ಲದಿದ್ದರೆ ಹಾಲು ಮೂಗಿಗೆ ಹೋಗುತ್ತದೆ. ನಿಪ್ಪಲನ್ನು ಸೀಳಿನ ಕಡೆ ಇಡದೆ ಕೆನ್ನೆಯ ಪಕ್ಕಕ್ಕೆ ಇಡಬೇಕು. ಅವಳು ಚೀಪಿದಾಗ ಸ್ವಲ್ಪ ಒತ್ತಬೇಕು, ನುಂಗುವಾಗ ಕೈ ಬಿಡಬೇಕು. ಅವಳ ಗಂಟಲು ನೋಡುತ್ತಾ ಇರಬೇಕು. ಅತ್ತೆ ಅವಸರ ಮಾಡುತ್ತಾರೆ, ನಿನಗೆ ಚೆನ್ನಾಗಿ ಬರುತ್ತದೆ. ತೊಳೆದು, ಬಿಡಿಬಿಡಿಯಾಗಿ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು.

ದಿನವೂ ಪಂಪಿನಲ್ಲಿ ಹಾಲು ತೆಗೆಯುತ್ತೇನೆ. ಬಾಟಲಿಯಾದರೂ ಒಳಗಿರುವುದು ನನ್ನ ಹಾಲೇ. ಆ ಸಮಾಧಾನ ನಿನಗಿರಲಿ.

ಭುವನಾ


ತಾಳಿಕೋಟೆ
13 ಏಪ್ರಿಲ್ 2026

ಭುವನಾ,

ನೀವು ಹೋಗಿ ಎರಡು ದಿನವಾಯಿತು. ಮನೆಯಲ್ಲಿ ಲತಾ ಮೂರು ಸಲ ತೊಟ್ಟಿಲ ಬಟ್ಟೆ ಮಡಚಿದ್ದಾಳೆ.

ನೀನಿದ್ದಾಗ ಹೇಳಲಾಗದ ಮಾತನ್ನು ಈಗ ಬರೆಯುತ್ತಿದ್ದೇನೆ. ನನ್ನ ದನಿ ನನಗೆ ತಿಳಿಯುವುದಿಲ್ಲ. ಗುಟ್ಟು ಎಂದು ಹೇಳಿದ್ದು ಬೀದಿಗೆ ಕೇಳಿಸಿದರೆ ಎಂದು ಸುಮ್ಮನಿದ್ದೆ. ಮನೆಯಲ್ಲಿ ನಿನ್ನ ಅತ್ತೆಯೂ ಇದ್ದರು.

ಶುಕ್ರವಾರ ಹೊಸ ಅಂಗನವಾಡಿ ಟೀಚರ್ ನನ್ನನ್ನು ನೋಡಲು ಬಂದಿದ್ದಳು. ನೀನು ಒಳಕೋಣೆಯಲ್ಲಿದ್ದೆ. ಮಗು ನನ್ನ ಮಡಿಲಲ್ಲಿತ್ತು, ನಾನು ಬಾಟಲಿ ಹಿಡಿದಿದ್ದೆ. ಅವಳು ಹೊಸಿಲಲ್ಲಿ ನಿಂತುಬಿಟ್ಟಳು. ತುಟಿ ಓದಿದರೆ, “ಟೀಚರ್, ನೀವಽ?” ಎಂದ ಹಾಗಿತ್ತು. ಹತ್ತಿರ ಕರೆದು ಮಗುವಿನ ಬಾಯಿ ತೋರಿಸಿದೆ. ಮನೆಮನೆಗೆ ಹೋದಾಗ ಮೊದಲು ಇಲ್ಲಿ ನೋಡು, ಆಮೇಲೆ ಪಾಠ ಹೇಳು ಎಂದೆ. ನಿನ್ನನ್ನು ಕೇಳದೆ ನಿನ್ನ ಮಗುವಿನ ಬಾಯಿ ಹೊರಗಿನವರಿಗೆ ತೋರಿಸಿದೆ. ಬೇಜಾರಾದರೆ ಹೇಳು. ಆದರೆ ಅವಳು ಓಣಿಯ ಎಲ್ಲ ಬಾಣಂತಿಯರ ಮನೆಗೆ ಹೋಗುವವಳು, ಅವಳಿಗೆ ಗೊತ್ತಿರಬೇಕು ಎಂದು ನನಗನ್ನಿಸಿತು.

ಇದು ಒಂದು. ಇನ್ನೊಂದು ಮಾತು ಕಷ್ಟದ್ದು. ನನ್ನ ಮಂಚದಿಂದ ಅಲ್ಮೇರಾದ ಕನ್ನಡಿಯಲ್ಲಿ ಒಳಕೋಣೆ ಕಾಣುತ್ತದೆ. ನಿನಗೆ ಗೊತ್ತಿರಲಿಲ್ಲ. ನೀನು ಗೋಡೆಯ ಕಡೆ ಮುಖ ಮಾಡಿ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಪಂಪು ಹಿಡಿದು ಕೂತಿದ್ದನ್ನು ನೋಡಿದೆ. ದಿನವೂ ನೋಡಿದೆ. ಅಷ್ಟು ಹೊತ್ತು ಕೂತರೂ ಬಾಟಲಿಯ ತಳ ಮಾತ್ರ ನೆನೆಯುತ್ತಿತ್ತು. ಆಮೇಲೆ ಚೀಲದಿಂದ ಟಿನ್ ತೆಗೆದು, ಹಾಲಿನ ಪುಡಿ ಕಲಸಿ, ಮತ್ತೆ ಟಿನ್ ಮುಚ್ಚಿ ಬಟ್ಟೆಯ ಕೆಳಗೆ ಇಡುತ್ತಿದ್ದೆ. ನನಗೆ ಕಾಣದಿರಲಿ ಎಂದು.

ಇದು ನನ್ನ ಸಲುವಾಗಿ ಎಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇನ್ನು ಮುಂದೆ ತೆಗೆಯಬೇಕು ಅನ್ನಿಸಿದರೆ ತೆಗೆ. ಸಾಕು ಅನ್ನಿಸಿದರೆ ಬಿಡು. ಮಗು ತೂಕ ಏರುತ್ತಿದೆ, ಕೈಕಾಲು ಆಡಿಸುತ್ತಿದೆ, ನಿನ್ನ ದನಿ ಕೇಳಿದ ಕಡೆ ಕತ್ತು ತಿರುಗಿಸುತ್ತದೆ. ನನಗೆ ಕಿವಿ ಕೇಳದಿದ್ದರೂ ಅದು ಕಂಡಿತು. ಇದನ್ನು ಟೀಚರ್ ಆಗಿ ಬರೆಯುತ್ತಿಲ್ಲ. ಯಾರಾದರೂ ಏನಾದರೂ ಅಂದರೆ ನಮ್ಮವ್ವ ಹೇಳಿದ್ದಾಳೆ ಎನ್ನು.

ಅವ್ವ


ಹೇರೋಹಳ್ಳಿ
19 ಏಪ್ರಿಲ್ 2026

ಅವ್ವ,

ನಿನ್ನ ಪತ್ರ ನಿನ್ನೆ ಶನಿವಾರ ಬಂತು. ನಾನು ಗುರುವಾರವೇ ಪಂಪು ನಿಲ್ಲಿಸಿದ್ದೆ.

ಮಗು ಎಳೆಯದೆ ಬರೀ ಪಂಪಿಗೆ ಹಾಲು ಬತ್ತುತ್ತಾ ಬಂದಿತ್ತು, ನಿನ್ನ ಮನೆಯಿಂದ ಬಂದ ಮೇಲೆ ಪಂಪು ಹಿಡಿಯುವುದೂ ದಿನಕ್ಕೆ ಒಂದು ಸಲಕ್ಕೆ ಇಳಿದಿತ್ತು. ಗುರುವಾರ ಬೆಳಗ್ಗೆ ಎಂದಿನಂತೆ ಗೋಡೆಯ ಕಡೆ ತಿರುಗಿ ಕೂತೆ. ಹಿಂದೆ ಅತ್ತೆಯ ತೊಡೆಯ ಮೇಲೆ ಮಗು ಊಂ ಊಂ ಎಂದು ಏನೋ ಹೇಳುತ್ತಿತ್ತು. “ನೋಡಲ್ಲಿ, ನಿಮ್ಮವ್ವನ ಬೆನ್ನಿನ ಕೂಡ ಮಾತಾಡಾಕತ್ತಾಳ” ಎಂದು ಅತ್ತೆ ನಕ್ಕರು. ಅವರು ತಮಾಷೆಗೆ ಅಂದದ್ದು. ನಾನು ಪಂಪನ್ನು ಕೆಳಗಿಟ್ಟು ತಿರುಗಿ ಕೂತೆ. ಇನ್ನು ಇದು ಬೇಡ ಅತ್ತಿ, ಟಿನ್ನಿನ ಹಾಲೇ ಕೊಡುತ್ತೇನೆ ಎಂದೆ. ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು, “ಕೂಸು ಬದುಕಿದ್ರ ಸಾಕವಾ” ಎಂದರು. ಇವರಿಗೆ ಸಂಜೆ ಹೇಳಿದೆ. ಅವರು ಎರಡು ವಾರದ ಹಿಂದೆಯೇ ಹೇಳಬೇಕೆಂದಿದ್ದರಂತೆ, ನಾನು ಏನು ತಿಳಿದುಕೊಳ್ಳುತ್ತೇನೋ ಎಂದು ಹೆದರಿದ್ದರಂತೆ.

ನಿನ್ನನ್ನು ಕೇಳದೆ ನಿಲ್ಲಿಸಿದೆ. ಆ ಎರಡು ದಿನ ನಿನಗೆ ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದೆ. ಪಂಪು ಕೆಟ್ಟಿತು ಎಂದು ಬರೆಯೋಣ ಎಂದೂ ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಪತ್ರ ಬಂತು. ನನಗೆ ಅಪ್ಪಣೆ ಬೇಕಾಗಿರಲಿಲ್ಲ ಎಂದು ಗುರುವಾರ ಅಂದುಕೊಂಡಿದ್ದೆ. ಆದರೆ ಓದಿದ ಮೇಲೆ ಅಡುಗೆಮನೆಗೆ ಹೋಗಿ ತಟ್ಟೆ ತುಂಬ ಊಟ ಬಡಿಸಿಕೊಂಡು ತಿಂದೆ. ಬಾಣಂತನದಲ್ಲಿ ಅಷ್ಟು ರುಚಿಯಾಗಿ ಊಟ ಮಾಡಿದ್ದು ಅದೇ ಮೊದಲು.

ಎದೆ ಇನ್ನೂ ಸ್ವಲ್ಪ ನೋಯುತ್ತದೆ, ಅವಳು ಅತ್ತಾಗ ಬ್ಲೌಸ್ ಒದ್ದೆಯಾಗುತ್ತದೆ. ಕೆಲವು ದಿನ ಹಾಗೇ ಇರುತ್ತದಂತೆ. ನಿನ್ನೆ ಒಮ್ಮೆ ನಾನೂ ಅತ್ತುಬಿಟ್ಟೆ.

ಹೊಸ ಟೀಚರಿಗೆ ತೋರಿಸಿದ್ದಕ್ಕೆ ಬೇಜಾರಿಲ್ಲ. ಓದಿದ ಕೂಡಲೇ ಆಯಿತು, ಆಮೇಲೆ ಹೋಯಿತು. ಇಂದ್ರಮ್ಮನವರ ಕಾಲು ಮುಟ್ಟಿದೆ. “ಏಳೇ ಸಾಕು, ಮಗು ಕೊಡು ಇಲ್ಲಿ” ಎಂದು ಮಗುವನ್ನು ಕಸಿದುಕೊಂಡು ಕೆಳಗೆ ಹೋದರು. ಶಶಿಕಲಾ ಮೇಡಂಗೆ ಮನೆಯಲ್ಲೇ ಹೊಲಿದುಕೊಡುತ್ತೇನೆ ಎಂದಿದ್ದೇನೆ. ಹೌದು, ಅಂಗಡಿಯ ಲೆಕ್ಕವೂ ನನ್ನ ತಲೆಯಲ್ಲಿ ಇತ್ತು ಅವ್ವ. ನೀನು ಬರೆದದ್ದು ಪೂರ್ತಿ ತಪ್ಪೇನೂ ಅಲ್ಲ.

ಆಪರೇಷನ್ ಡಿಸೆಂಬರ್ ಹೊತ್ತಿಗೆ ಎಂದಿದ್ದಾರೆ. ಅಷ್ಟರಲ್ಲಿ ನೀನು ಎದ್ದು ನಡೆಯಬೇಕು. ಫಿಸಿಯೋ ಹುಡುಗಿ ಬಂದರೆ ಬೇಡ ಎಂದು ಕಳಿಸುತ್ತೀಯಂತೆ, ಲತಾ ಹೇಳಿದಳು. ಹಾಗೆ ಮಾಡಬೇಡ. ನೋವಾದರೂ ಕಾಲು ಮಡಚು.

ಮಗು ಎದ್ದಿದೆ. ಹಾಲು ಕಲಸಬೇಕು.

ಭುವನಾ